ಪಿ ವ್ಯಾಲ್ಯೂ 0.14 ಬಂದಿದೆ, "ವ್ಯತ್ಯಾಸ ಇಲ್ಲ" ಅಂತ ಬರೆಯಬಹುದಾ?

ಹೊಲದಹುಡುಗ:
ಎಂಎಸ್ಸಿ ಥೀಸಿಸ್‌ಗೆ ರಾಗಿ ಮೇಲೆ ಪ್ರಯೋಗ ಮಾಡಿದ್ದೇನೆ. 6 ತಾಕಿಗೆ ಎರೆಗೊಬ್ಬರ, 6 ತಾಕಿಗೆ ಕೊಟ್ಟಿಗೆ ಗೊಬ್ಬರ. ಎರೆಗೊಬ್ಬರದ ಕಡೆ ಹೆಕ್ಟೇರಿಗೆ ಸರಾಸರಿ 2.4 ಕ್ವಿಂಟಾಲ್ ಜಾಸ್ತಿ ಬಂದಿದೆ, ಸ್ಟ್ಯಾಂಡರ್ಡ್ ಎರರ್ (ಆ ಅಂಕಿ ಎಷ್ಟು ಅಲುಗಾಡಬಹುದು ಅನ್ನುವ ಅಳತೆ) 1.5. ಟಿ ಟೆಸ್ಟ್ ಹಾಕಿದರೆ ಪಿ 0.14. "ಎರಡೂ ಗೊಬ್ಬರ ಒಂದೇ ಅಂತ ಬರೆದು ಮುಗಿಸು" ಅನ್ನುತ್ತಾರೆ ಗೈಡ್. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಲೆಕ್ಕದ ಮೇಷ್ಟ್ರು:
ಹಾಗೆ ಬರೆಯಬೇಡಿ. ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ, ಇಂಥ ಪ್ರಯೋಗ ನೂರು ಸಲ ಮಾಡಿದರೆ ಸುಮಾರು 14 ಸಲ ಇಷ್ಟೋ ಇದಕ್ಕಿಂತ ದೊಡ್ಡದೋ ಅಂತರ ಸುಮ್ನೆ ಬಂದುಬಿಡುತ್ತದೆ, 0.14ರ ಅರ್ಥ ಅಷ್ಟೇ. 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಅಂತರ ಇರಬಹುದಾದ ವ್ಯಾಪ್ತಿ, ತೆಗೆದು ನೋಡಿ. ನಿಮ್ಮ ಲೆಕ್ಕದಲ್ಲಿ -0.9ರಿಂದ 5.7. ಅಂದರೆ ಎರೆಗೊಬ್ಬರದಿಂದ ಇಳುವರಿ ಸ್ವಲ್ಪ ಕಮ್ಮಿಯೂ ಆಗಿರಬಹುದು, ಐದು ಕ್ವಿಂಟಾಲ್ ಜಾಸ್ತಿಯೂ ಆಗಿರಬಹುದು. ಐದು ಕ್ವಿಂಟಾಲ್ ರಾಗಿ ರೈತನಿಗೆ ಸಣ್ಣ ಮಾತಾ? ಹಾಗಂತ "ವ್ಯತ್ಯಾಸ ಇದೆ" ಅಂತಲೂ ಬರೆಯಬೇಡಿ. 12 ತಾಕು ಸಾಲಲಿಲ್ಲ, ಅಷ್ಟೇ.

ಮಾತ್ರೆಡಬ್ಬಿ:
ಇದು ಬರೀ ಥೀಸಿಸ್ ತಲೆನೋವಲ್ಲ. ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಇದೆಯಲ್ಲ, ಅದರ ಮೇಲೆ 1960-70ರ ದಶಕಗಳಲ್ಲಿ ಎಷ್ಟೋ ಸಣ್ಣ ಟ್ರಯಲ್ ಆದವು, ಬಹುಪಾಲು "ಸಿಗ್ನಿಫಿಕೆಂಟ್ ಅಲ್ಲ" (ಪಿ ರೂಢಿಯ ಗೆರೆಯಾದ 0.05ಕ್ಕಿಂತ ಮೇಲೆ) ಅಂತಲೇ ಬಂದವು. ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸಾವು ಸುಮಾರು ಐದರಲ್ಲೊಂದು ಪಾಲು ಕಮ್ಮಿಯಾಗಿತ್ತು! 1986ರಲ್ಲಿ ಇಟಲಿಯ ಜಿಸ್ಸಿ ಟ್ರಯಲ್ 11 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅದನ್ನೇ ತೋರಿಸಿತು. ಔಷಧಿ ಕೊಡದವರಲ್ಲಿ 13% ಸಾವು, ಕೊಟ್ಟವರಲ್ಲಿ 10.7%.

ಹೊಲದಹುಡುಗ:
ಥ್ಯಾಂಕ್ಸ್. ಹಾಗಾದರೆ ಇನ್ನೊಂದು ನಾಲ್ಕು ತಾಕು ಸೇರಿಸಿ ಪಿ 0.05ಕ್ಕಿಂತ ಕೆಳಗೆ ಇಳಿಯುತ್ತಾ ನೋಡಲಾ? ಇಲ್ಲ, ಈಗಲೇ ಪವರ್ (ನಿಜಕ್ಕೂ ವ್ಯತ್ಯಾಸ ಇದ್ದರೆ ಪ್ರಯೋಗ ಅದನ್ನು ಹಿಡಿಯುವ ಸಾಧ್ಯತೆ) ಲೆಕ್ಕ ಹಾಕಿ ತೋರಿಸಲಾ?

ಲೆಕ್ಕದ ಮೇಷ್ಟ್ರು:
ಎರಡೂ ಬೇಡಪ್ಪ. ಪಿ ಇಳಿಯುವವರೆಗೆ ತಾಕು ಸೇರಿಸುತ್ತಾ ಹೋದರೆ ಇಲ್ಲದ ವ್ಯತ್ಯಾಸವೂ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ಬಂದ ಅಂತರವನ್ನೇ ಇಟ್ಟುಕೊಂಡು ಪವರ್ ತೆಗೆದರೆ, ಅದೇ ಪಿ ವ್ಯಾಲ್ಯೂ ಬೇರೆ ಅಂಗಿ ತೊಟ್ಟು ಬಂದ ಹಾಗೆ, ಹೊಸದೇನೂ ಗೊತ್ತಾಗಲ್ಲ. ಮುಂದಿನ ಹಂಗಾಮಿಗೆ ಎಷ್ಟು ತಾಕು ಬೇಕು ಅಂತ ಮೊದಲೇ ಲೆಕ್ಕ ಹಾಕಿ ಮಾಡಿದರೆ ಸರಿ.

ಗೈಡ್ "ಒಂದೇ" ಅನ್ನಲೇಬೇಕು ಅಂತ ಹಠ ಹಿಡಿದರೆ, ಎಷ್ಟು ಕ್ವಿಂಟಾಲ್ ಒಳಗಿನ ಅಂತರವನ್ನು ಬಿಟ್ಟುಬಿಡಬಹುದು ಅಂತ ಅವರನ್ನೇ ಕೇಳಿ. ಅವರು ಒಂದು ಕ್ವಿಂಟಾಲ್ ಅಂದರೆ, 90% ಇಂಟರ್ವಲ್ ಪೂರ್ತಿ -1 ಮತ್ತು 1ರ ನಡುವೆ ಕೂರಬೇಕು. ನಿಮ್ಮದು 5.1ರವರೆಗೆ ಕಾಲು ಚಾಚಿದೆ.