ಗ್ಯಾಂಡಾಲ್ಫನ ಹುಬ್ಬು ಮತ್ತು ಸೀನನ ನೋಟ್‌ಬುಕ್ಕು

ಸೀನ ಬಂದವನೇ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಟೇಬಲ್ ಮೇಲೆ ಕುಕ್ಕಿದ. ಇನ್ನೂರು ಪುಟದ್ದು, ಹೊಚ್ಚ ಹೊಸದು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಆಸ್ತಿ ಪಟ್ಟಿ' ಎಂದು ಬರೆದಿದ್ದ.

"ಯಾರ ಆಸ್ತಿನೋ?" ಎಂದಳು ಪದ್ಮ.

"ನನ್ನದೇ. ತಲೆಯೊಳಗೆ ಇರೋದು. ಈ ಸಲ ಸಿನಿಮಾದವರು ಬಂದು ಎತ್ತಿಕೊಂಡು ಹೋಗೋಕೆ ಮುಂಚೆ ಎಲ್ಲಾ ಬರೆದಿಡ್ತೀನಿ."

ವಿಷಯ ಇಷ್ಟೇ. ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಕತೆಗಳು ಮತ್ತೆ ಸಿನಿಮಾ ಆಗುತ್ತಿವೆ. ಗ್ರೆಟಾ ಗರ್ವಿಗ್ ನಿರ್ದೇಶನ, 'ದಿ ಮೆಜಿಶಿಯನ್ಸ್ ನೆಫ್ಯೂ'ನಿಂದ ಶುರು. ಅತ್ತ ಆಂಡಿ ಸರ್ಕಿಸ್, ಟೋಲ್ಕಿನ್ ಬರೆದ 'ಲಾರ್ಡ್ ಆಫ್ ದಿ ರಿಂಗ್ಸ್' ಕತೆಯಿಂದ 'ದಿ ಹಂಟ್ ಫಾರ್ ಗೊಲ್ಲಮ್' ಎನ್ನುತ್ತಿದ್ದಾರೆ. ಅದಕ್ಕೆ 2027ರ ಡಿಸೆಂಬರ್ ಎಂದು ದಿನ ಇಟ್ಟಿದ್ದಾರೆ. ಹ್ಯಾರಿ ಪಾಟರ್ ಬೇರೆ ಮೊದಲಿನಿಂದ ಮತ್ತೆ, ಈ ಸಲ ಸೀರಿಯಲ್ ಆಗಿ. ಮೂರೂ ಸುದ್ದಿ ಕೇಳಿದಾಗಿನಿಂದ ಸೀನ ಮಗಳ ಮದುವೆ ಗೊತ್ತಾದ ಅಪ್ಪನ ಹಾಗೆ ಓಡಾಡುತ್ತಿದ್ದಾನೆ. ಖುಷಿಯೂ ಹೌದು, ಹುಡುಗನ ಮೇಲೆ ಅನುಮಾನವೂ ಹೌದು.

ನಮ್ಮ ನಾಲ್ವರಲ್ಲಿ ಎಲ್ಲಾ ಓದಿಕೊಂಡವನು ಸೀನ ಒಬ್ಬನೇ. ಪದ್ಮ ತಾನು ಓದಿ ಮರೆತವಳು ಎನ್ನುತ್ತಾಳೆ. ಆದರೆ ಸೀನನ ತಪ್ಪು ಹಿಡಿಯುವಾಗ ಮಾತ್ರ ಎಲ್ಲಾ ನೆನಪಾಗುತ್ತದೆ. ಗಿರಿ ಪುಸ್ತಕ ಮುಟ್ಟಿದವನಲ್ಲ, ಏನಿದ್ದರೂ ಸಿನಿಮಾ. ನಾನು ಅರ್ಧ ಓದಿ, ಉಳಿದರ್ಧ ನೋಡಿ, ಯಾವುದು ಎಲ್ಲಿಯದು ಎಂದು ಗೊತ್ತಾಗದೆ ಕೂತವನು.

"ಸಿನಿಮಾ ಬಂದರೆ ಏನಾಗುತ್ತೆ ಅಂತ ಇಷ್ಟು ಹೆದರ್ತೀಯ?" ಗಿರಿ ಕೇಳಿದ.

"ಮುಖ ಹೋಗುತ್ತೆ ಕಣೋ. 2001ಕ್ಕೆ ಮುಂಚೆ ನನ್ನ ತಲೆಯಲ್ಲಿ ಒಬ್ಬ ಗ್ಯಾಂಡಾಲ್ಫ್ ಇದ್ದ, 'ಲಾರ್ಡ್ ಆಫ್ ದಿ ರಿಂಗ್ಸ್'ನ ಮುದಿ ಮಂತ್ರವಾದಿ. ನನ್ನ ಸ್ವಂತದವನು. ಸಿನಿಮಾ ಬಂತು. ಇಯಾನ್ ಮೆಕೆಲನ್ ಬಂದು ಅವನ ಜಾಗದಲ್ಲಿ ಕೂತರು. ನನ್ನವನು ಎದ್ದು ಹೋದ. ಹೇಳದೆ ಕೇಳದೆ ಹೋದ. ಇವತ್ತಿಗೂ ಬಂದಿಲ್ಲ."

"ಯಾಕೆ, ಮೆಕೆಲನ್ ಚೆನ್ನಾಗಿ ಮಾಡಿರಲಿಲ್ವಾ?"

"ಅದೇ ತೊಂದರೆ. ಕೆಟ್ಟದಾಗಿ ಮಾಡಿದ್ದರೆ ನನ್ನವನು ಉಳೀತಿದ್ದ. ಮೂರನೇ ಸಿನಿಮಾ ಹನ್ನೊಂದು ಆಸ್ಕರ್‌ಗೆ ನಿಂತು ಹನ್ನೊಂದೂ ಬಾಚಿಕೊಂಡು ಹೋಯಿತು. ಅಷ್ಟು ಜನದ ಎದುರು ನನ್ನ ಬಡಪಾಯಿ ಏನು ಮಾಡ್ತಾನೆ?"

"ಹೋಗಲಿ, ಅವನು ಹೇಗಿದ್ದ ಹೇಳು. ಹುಡುಕಿಸೋಣ," ಎಂದಳು ಪದ್ಮ.

ಸೀನ ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದ. ಕೊನೆಗೆ, "ಹುಬ್ಬು ನೆನಪಿದೆ," ಎಂದ.

ಹುಬ್ಬಿನ ಕತೆ ನಿಜ. 'ದಿ ಹಾಬಿಟ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ. ಗ್ಯಾಂಡಾಲ್ಫನ ಪೊದೆಯಂಥ ಹುಬ್ಬು ಅವನ ಟೋಪಿಯ ಅಂಚನ್ನೂ ದಾಟಿ ಹೊರಗೆ ಚಾಚಿಕೊಂಡಿತ್ತು ಎಂದು ಟೋಲ್ಕಿನ್ ಬರೆದಿದ್ದಾರೆ. ಟೋಪಿಯೋ, ಬಿಸಿಲಿಗೆ ನೆರಳು ಕೊಡುವಂಥ ಅಗಲ ಅಂಚಿನದು. ಓದುವಾಗ ಇದು ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ. ಗಿರಿ ಓದಿದವನಲ್ಲವಲ್ಲ, ಅದಕ್ಕೇ ಎದ್ದು ಹೋಗಿ ಒಂದು ಅಗಲ ಅಂಚಿನ ಟೋಪಿ ಹುಡುಕಿ ತಂದ. ತಲೆಗೆ ಹಾಕಿಕೊಂಡು ಎರಡು ಪೆನ್ಸಿಲ್ಲನ್ನು ಹುಬ್ಬಿಗೆ ಆನಿಸಿ ಹಿಡಿದ. ಅಂಚಿನ ಹತ್ತಿರಕ್ಕೂ ಬರಲಿಲ್ಲ. ಸ್ಕೇಲು ತಂದ. ಈಗ ದಾಟಿತು. ನಮ್ಮ ಮುಂದೆ ಒಂದು ದೊಡ್ಡ ಜಿರಲೆ ಟೋಪಿ ಹಾಕಿಕೊಂಡು ನಿಂತಿತ್ತು.

"ಇದನ್ನ ಮೂರು ಸಿನಿಮಾದಲ್ಲಿ ನೋಡ್ತಿದ್ಯಾ ನೀನು?" ಎಂದಿತು ಜಿರಲೆ.

"ನನ್ನವನಿಗೆ ಇದು ಒಪ್ಪುತ್ತಿತ್ತು," ಎಂದ ಸೀನ. ಆದರೆ ಧ್ವನಿಯಲ್ಲಿ ಮೊದಲಿನ ಧೈರ್ಯ ಇರಲಿಲ್ಲ.

ಪದ್ಮ ಅಷ್ಟರಲ್ಲಿ ನೋಟ್‌ಬುಕ್ಕು ಎಳೆದುಕೊಂಡು ಮೊದಲ ಪುಟ ತೆಗೆದಿದ್ದಳು. ಜೋರಾಗಿ ಓದಿದಳು.

"ಆಸ್ಲಾನ್. ನಾರ್ನಿಯಾದ ಸಿಂಹ. ದೊಡ್ಡದು." ಪುಟ ತಿರುಗಿಸಿದಳು. "ಬಣ್ಣ: ಸಿಂಹದ ಬಣ್ಣ. ಕಣ್ಣು: ಹೇಳೋಕೆ ಆಗಲ್ಲ. ಧ್ವನಿ: ಲಿಯಾಮ್ ನೀಸನ್... ಇದನ್ನ ಹೊಡೆದು ಹಾಕಿದೀಯ."

"2005ರ ಸಿನಿಮಾದಲ್ಲಿ ಅವರದೇ ಧ್ವನಿ. ಹೊಡೆದು ಹಾಕಿದರೂ ಹೋಗ್ತಿಲ್ಲ," ಸೀನ ಗೊಣಗಿದ.

"ಇಷ್ಟೇನಾ ಆಸ್ತಿ? ಇದಕ್ಕಾ ಇನ್ನೂರು ಪುಟ?"

ನನಗೆ ಪಾಪ ಅನಿಸಿತು. ಯಾಕೆಂದರೆ ನನ್ನದೂ ಅದೇ ಪಾಡು. ಇಷ್ಟದ ಕತೆಯ ಅರಮನೆ, ಕಾಡು, ಡ್ರ್ಯಾಗನ್ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ ಎಂದುಕೊಂಡಿರುತ್ತೇವೆ. ಅರಮನೆಗೆ ಬಾಗಿಲು ಎಷ್ಟು ಎಂದು ಯಾರಾದರೂ ಕೇಳಿದರೆ ಮುಗೀತು. ಆದರೂ ಪರದೆ ಮೇಲೆ ಆ ಅರಮನೆ ಕಂಡ ಕೂಡಲೇ 'ಹೀಗಿರಲಿಲ್ಲ' ಎಂದು ಮೊದಲು ಕೂಗುವವರೂ ನಾವೇ.

ಸೀನ ಮಾತು ತಿರುಗಿಸಿದ. "ಮುಖದ ಮಾತು ಬಿಡಿ. ಇವರು ಕತೆ ಶುರು ಮಾಡ್ತಿರೋದೇ ತಪ್ಪು ಕಡೆಯಿಂದ. ನಾರ್ನಿಯಾದಲ್ಲಿ ಏಳು ಪುಸ್ತಕ. ಮೊದಲು ಬಂದದ್ದು 1950ರಲ್ಲಿ, ಬೀರುವಿನ ಕತೆ. 'ಮೆಜಿಶಿಯನ್ಸ್ ನೆಫ್ಯೂ' ಬಂದದ್ದು 1955ರಲ್ಲಿ, ಆರನೆಯದು. ಅದರಲ್ಲಿರೋದು ಹಳೇ ಕಾಲದ ಕತೆ, ಒಪ್ತೀನಿ. ಹಾಗಂತ ಅದನ್ನೇ ಮೊದಲು ತೋರಿಸಿದರೆ ಹೇಗೆ?"

"ಹಳೇ ಕಾಲದ್ದು ಮೊದಲು ಬರೋದು ಸರಿ ತಾನೆ?" ಎಂದ ಗಿರಿ. ಟೋಪಿ ಇನ್ನೂ ತೆಗೆದಿರಲಿಲ್ಲ.

"ಒಗಟು ಹೇಳೋಕೆ ಮುಂಚೆ ಉತ್ತರ ಹೇಳಿದ ಹಾಗೆ ಅದು! ನೋಡು, ಒಂದು ಹುಡುಗಿ ಬೀರುವಿನೊಳಗೆ ನುಗ್ತಾಳೆ. ಕೋಟುಗಳನ್ನ ಸರಿಸ್ತಾ ಸರಿಸ್ತಾ ಕಾಲಡಿ ಹಿಮ ಸಿಗುತ್ತೆ. ಎದುರಿಗೆ ಕಾಡು. ಕಾಡಿನ ನಡುವೆ ಒಂದು ಬೀದಿ ದೀಪದ ಕಂಬ, ಉರೀತಾ ನಿಂತಿದೆ. ಕಾಡಲ್ಲಿ ದೀಪದ ಕಂಬ ಯಾಕೆ? ಯಾರು ನೆಟ್ಟರು? ಯಾರೂ ಹೇಳಲ್ಲ. ಅದೇ ಮಜಾ. ಈಗ ಇವರು ಮೊದಲ ಸಿನಿಮಾದಲ್ಲೇ, ರಾಣಿ ಜೇಡಿಸ್ ಲಂಡನ್ನಿನ ದೀಪದ ಕಂಬದಿಂದ ಕಬ್ಬಿಣದ ತುಂಡು ಕಿತ್ತುಕೊಂಡು ಬಂದಳು, ಅದನ್ನ ಆಸ್ಲಾನ್ ಮೇಲೆ ಎಸೆದಳು, ಅದು ಹೊಸ ಮಣ್ಣಿಗೆ ಬಿದ್ದು ಬೀಜದ ಹಾಗೆ ಮೊಳೆತು ಕಂಬ ಆಯಿತು ಅಂತ ತೋರಿಸಿಬಿಟ್ಟರೆ, ಆಮೇಲೆ ಆ ಹುಡುಗಿ ಬಂದು ನಿಂತಾಗ ಏನು ಉಳೀತು?"

ಗಿರಿ ನಿಧಾನವಾಗಿ ಟೋಪಿ ತೆಗೆದ. "ನಾನು ಎರಡೂ ಓದಿಲ್ಲ, ನೋಡಿಲ್ಲ. ನನಗೆ ಏನು ಉಳೀತು?"

ಸೀನ ಬಾಯಿ ಮುಚ್ಚಿಕೊಂಡ. ಕತೆ ಹಾಳಾಗುತ್ತದೆ ಎಂದು ಕೂಗುತ್ತಾ ಕೂಗುತ್ತಾ ಪೂರ್ತಿ ಹಾಳು ಮಾಡಿದ್ದ. ಸಿನಿಮಾದವರಿಗೆ ಎರಡು ಗಂಟೆ ಹಿಡಿಯುವ ಕೆಲಸ, ಇವನು ಒಂದೇ ಉಸಿರಿಗೆ ಮುಗಿಸಿದ.

"ಅದೂ ಅಲ್ಲದೆ," ಎಂದಳು ಪದ್ಮ, ಬಿದ್ದವನ ಮೇಲೆ ಇನ್ನೊಂದು ಕಲ್ಲು ಇಡುತ್ತಾ, "1957ರಲ್ಲಿ ಒಬ್ಬ ಹುಡುಗ ಇದೇ ಜಗಳ ಮಾಡಿಕೊಂಡು ಲೂಯಿಸ್ ಅವರಿಗೇ ಕಾಗದ ಬರೆದಿದ್ದ. ಅಮ್ಮ ಹೇಳಿದ್ದು ಬಂದ ಕ್ರಮ, ಹುಡುಗ ಹೇಳಿದ್ದು ಕತೆಯ ಕಾಲದ ಕ್ರಮ. ಲೂಯಿಸ್ ಹುಡುಗನ ಪರ."

"ಯಾವ ಕ್ರಮದಲ್ಲಿ ಓದಿದರೂ ಅಷ್ಟೇನೂ ವ್ಯತ್ಯಾಸ ಆಗಲಾರದು ಅಂತಲೂ ಅದರಲ್ಲೇ ಬರೆದಿದ್ದಾರೆ," ಎಂದ ಸೀನ.

"ನೋಡಿದ್ಯಾ? ನಿನಗೂ ಗೊತ್ತು. ಸುಮ್ನೆ ಮೈಮೇಲೆ ಎಳ್ಕೊಳ್ತೀಯ."

ಗೊಲ್ಲಮ್ ವಿಷಯ ಬಂತು, ಉಂಗುರದ ಆಸೆಗೆ ಬಿದ್ದು ಹಾಳಾದ ಜೀವಿ. ಇಲ್ಲಿ ನನಗೂ ಕುತೂಹಲ ಇತ್ತು. ಗೊಲ್ಲಮ್ ಆಗಿ ನಟಿಸಿದವರೇ ಈಗ ನಿರ್ದೇಶಕರು. ಹಿಡಿಯುವವರೂ ಅವರೇ, ಸಿಕ್ಕಿಬೀಳುವವರೂ ಅವರೇ. ಆದರೆ ಪುಸ್ತಕದಲ್ಲಿ ಈ ಬೇಟೆಗೆ ಇರುವ ಜಾಗ ಬಹಳ ಕಮ್ಮಿ. ಒಂದು ಕಡೆ ಗ್ಯಾಂಡಾಲ್ಫ್ ಹೇಳುತ್ತಾನೆ, ಇನ್ನೊಂದು ಕಡೆ ಸಭೆಯಲ್ಲಿ, ಅವನನ್ನು ಹಿಡಿದ ಅರಗಾರ್ನ್ ಹೇಳುತ್ತಾನೆ. ಆಗಿಹೋದ ಕತೆ, ಬಾಯಿಮಾತಲ್ಲಿ ಬಂದು ಹೋಗುತ್ತದೆ.

"ಏನು ಹೇಳ್ತಾನೆ ಅರಗಾರ್ನ್?" ಎಂದ ಗಿರಿ. ತಕ್ಷಣ, "ಪೂರ್ತಿ ಹೇಳಬೇಡ," ಎಂದೂ ಸೇರಿಸಿದ.

"ಹಿಡಿದೆ, ಅವನು ಕಚ್ಚಿದ, ನಾನೂ ಮೆತ್ತಗೆ ನಡೆದುಕೊಳ್ಳಲಿಲ್ಲ. ಅವನ ಬಾಯಿಂದ ನನಗೆ ಸಿಕ್ಕಿದ್ದು ಹಲ್ಲಿನ ಗುರುತು ಮಾತ್ರ. ಆಮೇಲೆ ಕುತ್ತಿಗೆಗೆ ಹಗ್ಗ, ಬಾಯಿಗೆ ಬಟ್ಟೆ. ಹಗಲೂ ರಾತ್ರಿ ಕಾಯ್ತಾ, ಮುಂದೆ ಅವನು, ಹಿಂದೆ ನಾನು, ನಡೆದದ್ದೇ ನಡೆದದ್ದು. ಇಡೀ ಪ್ರಯಾಣದಲ್ಲಿ ಅದೇ ಅತಿ ಕಷ್ಟದ್ದು ಅಂತಾನೆ," ಎಂದ ಸೀನ.

"ನಮ್ಮಕ್ಕ ಮಗನನ್ನ ಸ್ಕೂಲಿಗೆ ಕರ್ಕೊಂಡು ಹೋಗೋದು ಹೀಗೇ," ಎಂದ ಗಿರಿ. "ಕಚ್ಚೋದೂ ಇದೆ. ಸಿನಿಮಾ ನಡೆಯುತ್ತೆ ಬಿಡು, ಇದರಲ್ಲಿ ದಮ್ಮಿದೆ."

ಸೀನನಿಗೆ ಅದಲ್ಲ ಚಿಂತೆ. ನಾಲ್ಕು ಮಾತಿನ ಕತೆಯನ್ನು ಎಳೆದು ಸಿನಿಮಾ ಮಾಡಿದಾಗ ಏನಾಗುತ್ತದೆ ಎಂದು ಅವನು ಒಮ್ಮೆ ಅನುಭವಿಸಿದ್ದಾನೆ. 'ಲಾರ್ಡ್ ಆಫ್ ದಿ ರಿಂಗ್ಸ್' ಸಾವಿರ ಪುಟದ ಆಸುಪಾಸು, ಮೂರು ಸಿನಿಮಾ. ಸರಿ. 'ಹಾಬಿಟ್' ಸುಮಾರು ಮುನ್ನೂರು ಪುಟ, ಮಕ್ಕಳ ಪುಸ್ತಕ. ಅದಕ್ಕೂ ಮೂರು, 2012, 13, 14. ಪುಸ್ತಕದಲ್ಲಿ ಇಲ್ಲದ ಟಾರಿಯಲ್ ಬಂದಳು, ಅವಳಿಗೊಂದು ಪ್ರೇಮ ಬಂತು, ಈ ಪುಸ್ತಕದಲ್ಲಿ ಹೆಸರೇ ಇಲ್ಲದ ಲೆಗೊಲಾಸ್ ಕೂಡ ಬಂದ.

"'ಹಾಬಿಟ್' ಕತೆಯ ನಾಯಕ ಬಿಲ್ಬೋ ಬ್ಯಾಗಿನ್ಸ್ ಮುದುಕನಾದ ಮೇಲೆ ಒಂದು ಮಾತು ಹೇಳ್ತಾನೆ," ಎಂದ ಸೀನ. "ಒಂಚೂರು ಬೆಣ್ಣೆಯನ್ನ ಸಿಕ್ಕಾಪಟ್ಟೆ ಬ್ರೆಡ್ಡಿಗೆ ಸವರಿದ ಹಾಗೆ ಆಗಿದೀನಿ ಅಂತ. ತನ್ನ ಸಿನಿಮಾ ಬಗ್ಗೆ ಅವನಿಗೆ ಮೊದಲೇ ಗೊತ್ತಿತ್ತು ಅನ್ಸುತ್ತೆ."

ಇದಕ್ಕೆ ಪದ್ಮ ಕೂಡ ನಕ್ಕಳು. ಆದರೆ ಸೋಲು ಒಪ್ಪಿಕೊಳ್ಳುವವಳಲ್ಲ. "ಬದಲಾಯಿಸಿದ್ದೆಲ್ಲ ಕೆಟ್ಟದ್ದು ಅಂತೀಯಾ? ಆಜ್ ದೇಶದ ಕತೆಯಲ್ಲಿ ಡೊರತಿಯ ಶೂ ಯಾವ ಬಣ್ಣ?"

"ಕೆಂಪು," ಎಂದೆವು ನಾನೂ ಗಿರಿಯೂ ಒಟ್ಟಿಗೆ.

"ಸೀನ?"

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೆಳ್ಳಿ. 1900ರ ಪುಸ್ತಕದಲ್ಲಿ ಬೆಳ್ಳಿ ಶೂ."

"1939ರಲ್ಲಿ ಸಿನಿಮಾದವರ ಹತ್ತಿರ ಟೆಕ್ನಿಕಲರ್ ಇತ್ತು. ಬಣ್ಣ ಇರುವಾಗ ಬೆಳ್ಳಿ ಯಾರಿಗೆ ಬೇಕು ಅಂತ ಕೆಂಪು ಮಾಡಿದರು. ಈಗ ಬೆಳ್ಳಿ ಅಂದರೆ ಜನ ನಿನಗೇ ತಪ್ಪು ಅಂತಾರೆ. ನಿಜ ಹೇಳು, ನಿನ್ನ ತಲೆಯಲ್ಲಿ ಯಾವುದಿದೆ?"

"...ಕೆಂಪು," ಎಂದ. ಕಳ್ಳ ಮಾಲು ಒಪ್ಪಿಸುವವನ ಹಾಗೆ ಹೇಳಿದ.

ಹ್ಯಾರಿ ಪಾಟರ್ ಮಾತು ಬೇಗ ಮುಗಿಯಿತು. ಅಲ್ಲಿ ಸೀನನಿಗೆ ಇರುವುದು ಒಂದೇ ಆಸೆ, ಪೀವ್ಸ್. ಶಾಲೆಯ ತುಂಬ ಕಿತಾಪತಿ ಮಾಡಿಕೊಂಡು ತಿರುಗುವ ಭೂತ. ಮೊದಲ ಸಿನಿಮಾಕ್ಕೆ ರಿಕ್ ಮೇಯಲ್ ಆ ಪಾತ್ರ ಮಾಡಿ ಶೂಟಿಂಗೂ ಮುಗಿಸಿದ್ದರು. ಸಿನಿಮಾ ಬಂದಾಗ ಪೀವ್ಸ್ ಒಂದು ಫ್ರೇಮಿನಲ್ಲೂ ಇರಲಿಲ್ಲ. ಎಂಟು ಸಿನಿಮಾ ಮುಗಿದರೂ ಬರಲಿಲ್ಲ. ಈಗ ಒಂದು ಪುಸ್ತಕಕ್ಕೆ ಒಂದು ಸೀಸನ್ ಎಂದಿದ್ದಾರಲ್ಲ, ಅಷ್ಟು ಜಾಗದಲ್ಲಿ ಒಂದು ಭೂತಕ್ಕೆ ಮೂಲೆ ಸಿಗದೇ ಇರುತ್ತದಾ ಎಂಬುದು ಅವನ ಲೆಕ್ಕ. 'ಲಾರ್ಡ್ ಆಫ್ ದಿ ರಿಂಗ್ಸ್'ನಿಂದ ಸಿನಿಮಾದವರು ಬಿಟ್ಟ ಟಾಮ್ ಬಾಂಬಡಿಲ್ ಹೆಸರನ್ನೂ ಎತ್ತಲು ಹೊರಟಿದ್ದ. ನಾವು ಮೂವರೂ ಒಟ್ಟಿಗೆ ಬೇಡ ಎಂದೆವು. ಆ ಹಳದಿ ಬೂಟಿನವನ ಬಗ್ಗೆ ಶುರು ಮಾಡಿದರೆ ಸೀನ ಹಾಡಲು ಶುರು ಮಾಡುತ್ತಾನೆ.

ಹೊರಡುವ ಹೊತ್ತಿಗೆ ಗಿರಿ ಕೇಳಿದ. "ಆ ಮೊದಲ ಸಿನಿಮಾದಲ್ಲಿ ಕಂಬ ಬಿಟ್ಟು ಇನ್ನೇನಾದರೂ ಉಳಿದಿದ್ಯಾ ನನಗೆ?"

ಸೀನನಿಗೆ ಪಾಪ ಪ್ರಜ್ಞೆ ಇತ್ತಲ್ಲ, ಮೆತ್ತಗೆ ಹೇಳಿದ. "ಒಂದು ಕಾಡಿದೆ. ಒಂದು ಲೋಕಕ್ಕೂ ಇನ್ನೊಂದಕ್ಕೂ ನಡುವಿನ ಕಾಡು. ಹಳದಿ ಉಂಗುರ ಮುಟ್ಟಿದರೆ ಅಲ್ಲಿಗೆ ಹೋಗ್ತಾರೆ. ಒತ್ತಾದ ಮರಗಳು, ಎಲೆಯೊಳಗಿಂದ ಹಸಿರು ಬೆಳಕು. ಕೆಲವು ಹೆಜ್ಜೆಗೊಂದು ಪುಟ್ಟ ಕೊಳ. ಒಂದೊಂದು ಕೊಳ ಒಂದೊಂದು ಲೋಕಕ್ಕೆ ದಾರಿ. ಎಷ್ಟು ನಿಶ್ಶಬ್ದ ಅಂದರೆ ಮರ ಬೆಳೆಯೋದೇ ಗೊತ್ತಾಗುತ್ತೇನೋ ಅನ್ನೋ ಹಾಗೆ. ಅಲ್ಲಿ ಹೋದವರಿಗೆ ತಾವು ಯಾರು, ಯಾಕೆ ಬಂದದ್ದು ಎಲ್ಲ ಮರೆತು ಹೋಗೋಕೆ ಶುರುವಾಗುತ್ತೆ."

ಯಾರೂ ಮಾತಾಡಲಿಲ್ಲ. ಗಿರಿ ಗೋಡೆ ನೋಡುತ್ತಾ ಕೂತಿದ್ದ.

"ಬಂತು," ಎಂದ.

"ಏನು ಬಂತು?"

"ಕಾಡು. ಕಾಣ್ತಾ ಇದೆ. ಕೊಳದ ದಡದಲ್ಲಿ ಪಾಚಿ, ಕಾಲಿಟ್ಟರೆ ಜಾರುತ್ತೆ. ನೀರು ಕಪ್ಪಗಿದೆ. ಬಲಗಡೆ ಒಂದು ಮರ ಬಾಗಿ ನೀರು ಮುಟ್ಟಿದೆ. ಅದರ ಬೇರಿನ ಮೇಲೆ ಕಪ್ಪೆ ಕೂತಿದೆ. ಎರಡು."

"ಕಪ್ಪೆ ಇಲ್ಲ!" ಸೀನ ಎದ್ದು ನಿಂತ. "ಆ ಕಾಡಲ್ಲಿ ಹಕ್ಕಿ ಇಲ್ಲ, ಹುಳ ಇಲ್ಲ, ಪ್ರಾಣಿ ಇಲ್ಲ, ಗಾಳಿ ಕೂಡ ಇಲ್ಲ ಅಂತ ಲೂಯಿಸ್ ಬರೆದಿದ್ದಾರೆ!"

"ನನ್ನ ಕಾಡಲ್ಲಿದೆ."

"ಹೇಗಿರುತ್ತೆ? ನೀನು ಪುಸ್ತಕ ಓದೇ ಇಲ್ಲ!"

"ಅದಕ್ಕೇ ಇದೆ."

ಪದ್ಮ ನೋಟ್‌ಬುಕ್ಕು ತೆಗೆದು ಸೀನನ ಮುಂದೆ ಇಟ್ಟಳು. ಪೆನ್ನು ಕೊಟ್ಟಳು. ಸೀನ ನೋಟ್‌ಬುಕ್ಕು ನೋಡಿದ, ಗಿರಿಯನ್ನು ನೋಡಿದ, ಮತ್ತೆ ನೋಟ್‌ಬುಕ್ಕು ನೋಡಿದ. ನಾಲ್ಕನೇ ಪುಟ ಖಾಲಿ ಇತ್ತು.

"ಮರ ಯಾವ ಕಡೆ ಬಾಗಿದೆ ಅಂದೆ?" ಎಂದ, ಬರೆಯುತ್ತಾ. ಆಮೇಲೆ ತಲೆ ಎತ್ತದೆ ಕೇಳಿದ, "ಕಪ್ಪೆ ಯಾವ ಬಣ್ಣ?"