ಏಳಾರಲ ಎಷ್ಟು ಎಂದರೆ ಮತ್ತೆ ಮೊದಲಿನಿಂದ ಎಣಿಸುವ ಮಗು

ಪ್ರಶ್ನೆ (ತಾಯಿಯೊಬ್ಬರಿಂದ): ನಮಸ್ಕಾರ ಮೇಡಂ. ನನ್ನ ಮಗಳಿಗೆ ಎಂಟು ವರ್ಷ. ಎರಡೆರಡಾಗಿ, ಮೂರು ಮೂರಾಗಿ ಜಿಗಿದು ಎಣಿಸುವುದನ್ನು ಕಲಿಸಿದೆ. ಈಗ ‘ಏಳು, ಹದಿನಾಲ್ಕು, ಇಪ್ಪತ್ತೊಂದು’ ಎಂದು ಎಪ್ಪತ್ತರವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಆದರೆ ‘ಏಳಾರಲ ಎಷ್ಟು?’ ಎಂದು ಕೇಳಿದರೆ ಮತ್ತೆ ಏಳರಿಂದಲೇ ಶುರು. ಎಷ್ಟೋ ಸಲ 42 ದಾಟಿ 49ಕ್ಕೆ ಹೋಗಿ ನಿಲ್ಲುತ್ತಾಳೆ. ಈ ಪದ್ಧತಿ ಬಿಟ್ಟು ಬಾಯಿಪಾಠ ಮಾಡಿಸಲೇ?

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಮಗಳು ಅರ್ಧ ದಾರಿ ಬಂದಿದ್ದಾಳೆ. ಅವಳಿಗೆ ಸಂಖ್ಯೆಗಳ ಸಾಲು ಬಂದಿದೆ, ಎಷ್ಟು ಸಲ ಜಿಗಿದೆ ಎಂಬ ಲೆಕ್ಕ ಇನ್ನೂ ಕೂತಿಲ್ಲ. 49ಕ್ಕೆ ಹೋಗಿ ನಿಲ್ಲುವುದೇ ಅದಕ್ಕೆ ಸಾಕ್ಷಿ. ಅವಳು ಎಣಿಸುತ್ತಿರುವಾಗ 28ರಲ್ಲಿ ತಡೆದು, ‘ಇದು ಎಷ್ಟನೆಯ ಜಿಗಿತ?’ ಎಂದು ಕೇಳಿ ನೋಡಿ. ತಡವರಿಸಿದರೆ ಕೊರತೆ ಅಲ್ಲೇ ಇದೆ.

ಮೊದಲು ಗುಂಡಿಗಳನ್ನೋ ಬೀಜಗಳನ್ನೋ ಏಳೇಳರ ಸಾಲಾಗಿ ಜೋಡಿಸಲಿ. ಪ್ರತಿ ಸಾಲು ಮುಗಿದಾಗ ‘ಒಂದು ಸಾಲು, ಏಳು, ಎರಡು ಸಾಲು, ಹದಿನಾಲ್ಕು’ ಎಂದು ಎರಡನ್ನೂ ಹೇಳಲಿ. ಎರಡು ದಿನ ಇಷ್ಟೇ ಸಾಕು.

ಆಮೇಲೆ ಅವಳಿಗೆ ನಿಲ್ದಾಣಗಳು ಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದನೆಯ ಗೆರೆ ಎಳೆದು, 0ಯಿಂದ 70ರವರೆಗೆ ಏಳೇಳರ ಗುರುತು ಹಾಕಿ. 35 ಮತ್ತು 70ರ ಸುತ್ತ ಮಾತ್ರ ಕೆಂಪು ವೃತ್ತ ಬರೆಯಿರಿ. ಐದು ಜಿಗಿತಕ್ಕೆ 35, ಹತ್ತು ಜಿಗಿತಕ್ಕೆ 70. ಇವೆರಡು ನಿದ್ದೆಯಲ್ಲಿ ಕೇಳಿದರೂ ಬರಬೇಕು. ಆಗ ಆರು ಜಿಗಿತಕ್ಕೆ 35ರಿಂದ ಒಂದು ಹೆಜ್ಜೆ ಮುಂದೆ, ನಾಲ್ಕಕ್ಕೆ ಒಂದು ಹೆಜ್ಜೆ ಹಿಂದೆ, ಒಂಬತ್ತಕ್ಕೆ 70ರಿಂದ ಒಂದು ಹೆಜ್ಜೆ ಹಿಂದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಹೀಗೆಯೇ ಇದ್ದ. ಏನೇ ಕೇಳಿದರೂ ಓಡಿ ಹೋಗಿ ಸೊನ್ನೆಯ ಮೇಲೆ ನಿಲ್ಲುತ್ತಿದ್ದ. ಒಂದು ದಿನ ‘ಏಳಾರಲ’ ಎಂದೆ. ಅಭ್ಯಾಸದಂತೆ ಸೊನ್ನೆಯ ಕಡೆಗೆ ತಿರುಗಿದವನು ಅರ್ಧಕ್ಕೇ ನಿಂತ. ಕೆಂಪು ವೃತ್ತವನ್ನು ನೋಡಿದ, ಅದರೊಳಗೆ ಎರಡೂ ಪಾದ ಇಟ್ಟ, ಅಲ್ಲಿಂದ ಒಂದೇ ಒಂದು ಜಿಗಿತ ಹಾಕಿ ತನಗಷ್ಟೇ ಕೇಳುವಂತೆ ‘ನಲವತ್ತೆರಡು’ ಎಂದ. ಆ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅದೇ ತಾಯಿ: ಬೆರಳು ಮಡಚಿ ಎಣಿಸುತ್ತಾಳೆ. ಬಿಡಿಸಬೇಕೆ?

ಉತ್ತರ: ಬೆರಳು ಏನನ್ನು ಎಣಿಸುತ್ತಿದೆ ಎಂದು ಗಮನಿಸಿ. ಜಿಗಿತಕ್ಕೊಂದು ಬೆರಳು ಮಡಚುತ್ತಿದ್ದರೆ ಅದು ಸರಿಯಾದ ದಾರಿ, ತಾನಾಗಿಯೇ ಬಿಟ್ಟುಹೋಗುತ್ತದೆ. 28ರ ನಂತರ ‘29, 30, 31’ ಎಂದು ಒಂದೊಂದಾಗಿ ಏಳು ಬೆರಳು ಮಡಚುತ್ತಿದ್ದರೆ ತೊಡಕು ಕೂಡುವುದರಲ್ಲಿದೆ, ಮಗ್ಗಿಯಲ್ಲಲ್ಲ. ಏಳನ್ನು ಎರಡು ಮತ್ತು ಐದಾಗಿ ಒಡೆಯುವುದನ್ನು ತೋರಿಸಿ: 28ಕ್ಕೆ ಎರಡು ಸೇರಿದರೆ 30, ಉಳಿದ ಐದು ಸೇರಿದರೆ 35. ಕೈ ಮೇಲೆ ಹೊಡೆದು ಬೆರಳು ಬಿಡಿಸುವುದನ್ನು ಮಾತ್ರ ಯಾರೂ ಮಾಡಬೇಡಿ.

ಪ್ರಶ್ನೆ (ತಂದೆಯೊಬ್ಬರಿಂದ): ಮಗನಿಗೆ ಐದು ವರ್ಷ. ಮಗ್ಗಿ ಈಗಲೇ ಶುರು ಮಾಡಬಹುದೇ?

ಉತ್ತರ: ಮಗ್ಗಿ ಬೇಡ, ಎಣಿಕೆಯ ಆಟ ಸಾಕು. ‘ಒಂದು’ ಮೆಲ್ಲಗೆ, ‘ಎರಡು’ ಜೋರಾಗಿ. ‘ಮೂರು’ ಮೆಲ್ಲಗೆ, ‘ನಾಲ್ಕು’ ಜೋರಾಗಿ. ಕೆಲವು ದಿನಗಳಾದ ಮೇಲೆ ಮೆಲ್ಲಗೆ ಹೇಳುವುದನ್ನು ಮನಸ್ಸಿನಲ್ಲೇ ಹೇಳಲಿ. ಹೊರಗೆ ಕೇಳಿಸುವುದು ಎರಡು, ನಾಲ್ಕು, ಆರು. ಎರಡಾದ ಮೇಲೆ ಹತ್ತು, ಆಮೇಲೆ ಐದು. ಮೂರಕ್ಕೆ ಅವಸರವಿಲ್ಲ. ಗಡಿಯಾರ ಹಿಡಿದು ವೇಗ ಅಳೆಯುವುದಂತೂ ಈ ವಯಸ್ಸಿಗೆ ಬೇಡವೇ ಬೇಡ.

ಪ್ರಶ್ನೆ (ಹಿರಿಯರೊಬ್ಬರಿಂದ): ನಾವೆಲ್ಲ ‘ಎರಡೊಂದಲ ಎರಡು, ಎರಡೆರಡಲ ನಾಲ್ಕು’ ಎಂದು ರಾಗವಾಗಿ ಹೇಳಿಯೇ ಕಲಿತೆವು. ಅದು ತಪ್ಪೇ ತಾಯಿ?

ಉತ್ತರ: ಖಂಡಿತ ತಪ್ಪಲ್ಲ ಸರ್. ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಮೊದಲ ಪ್ರಶ್ನೆಗೂ ಇದರಲ್ಲಿ ಉತ್ತರವಿದೆ. ‘ಏಳು, ಹದಿನಾಲ್ಕು, ಇಪ್ಪತ್ತೊಂದು’ ಎನ್ನುವಾಗ ಎಷ್ಟನೆಯ ಜಿಗಿತ ಎಂಬುದು ಬಾಯಿಗೆ ಬರುವುದೇ ಇಲ್ಲ. ‘ಏಳಾರಲ ನಲವತ್ತೆರಡು’ ಎನ್ನುವಾಗ ಆ ‘ಆರಲ’ ಜಿಗಿತದ ಲೆಕ್ಕವನ್ನು ಹೇಳಿಬಿಡುತ್ತದೆ. ನಮ್ಮ ಮಗ್ಗಿಯ ಮಾತಿನಲ್ಲಿ ಅರ್ಥ ಮೊದಲಿನಿಂದಲೂ ಇತ್ತು; ಅರ್ಥ ತೋರಿಸದೆ ರಾಗ ಮಾತ್ರ ಕಲಿಸಿದಾಗ ಮಕ್ಕಳಿಗೆ ಕಷ್ಟವಾಯಿತು. ಆದ್ದರಿಂದ ಗೆರೆಯ ಮೇಲೆ ಜಿಗಿದು ನಿಂತ ಮೇಲೆ ಆ ಸಾಲನ್ನು ಹೇಳಿಸಿ. ಮೊದಲು ಕಾಲು, ಆಮೇಲೆ ನಾಲಗೆ.

ಒಂದು ಕಡೆ ಮಾತ್ರ ಕಿವಿಗೊಟ್ಟು ಕೇಳಿ. ಒಂಬತ್ತು, ಎಂಬತ್ತು, ತೊಂಬತ್ತು ಮಕ್ಕಳ ಬಾಯಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಒಂಬತ್ತರ ಮಗ್ಗಿಯ ಕೊನೆಯಲ್ಲಿ ತಪ್ಪು ಕೇಳಿಸಿದರೆ ಅಂಕಿಯಲ್ಲಿ ಬರೆಸಿ ನೋಡಿ. ಲೆಕ್ಕ ಸರಿಯಿದ್ದು ಹೆಸರು ಮಾತ್ರ ತಪ್ಪಿರಬಹುದು.

ಅದೇ ತಾಯಿ (ಎರಡು ವಾರಗಳ ನಂತರ): 42 ಈಗ ತಟ್ಟನೆ ಬರುತ್ತದೆ ಮೇಡಂ. ಏಳೆಂಟಲ ಮಾತ್ರ 54 ಎನ್ನುತ್ತಾಳೆ. ಇನ್ನೂ ಎಷ್ಟೊಂದಿದೆ ಎಂದು ಅವಳಿಗೂ ಬೇಸರ.

ಉತ್ತರ: ಬೇಸರ ಪಡುವಷ್ಟು ಉಳಿದಿಲ್ಲ ಎಂದು ಅವಳಿಗೆ ತೋರಿಸಿ. ಹತ್ತರವರೆಗಿನ ಮಗ್ಗಿಯಲ್ಲಿ 100 ಸಾಲುಗಳಿವೆ. ಏಳಾರಲ, ಆರೇಳಲ ಎರಡೂ ಒಂದೇ ಆದ್ದರಿಂದ ಬೇರೆ ಬೇರೆ ಇರುವುದು 55. ಒಂದು, ಎರಡು, ಐದು, ಹತ್ತರದ್ದು ತೆಗೆದರೆ ಉಳಿಯುವುದು 21. ಕಾಗದದ ಮೇಲೆ ಚೌಕಗಳನ್ನು ಬರೆದು ಬಂದದ್ದಕ್ಕೆಲ್ಲ ಅವಳೇ ಬಣ್ಣ ತುಂಬಲಿ. ಬೇಸರ ಕಳೆಯಲು ಇನ್ನೊಂದನ್ನೂ ಕೊಡಿ: ಏಳರ ಮಗ್ಗಿಯ ಬಿಡಿ ಸ್ಥಾನಗಳನ್ನು ಮಾತ್ರ ಬರೆದರೆ 7, 4, 1, 8, 5, 2, 9, 6, 3. ಅದನ್ನೇ ಹಿಂದುಮುಂದಾಗಿ ಓದಿದರೆ ಮೂರರ ಮಗ್ಗಿಯ ಬಿಡಿ ಸ್ಥಾನಗಳು. ಇದನ್ನು ಅವಳೇ ಕಂಡುಹಿಡಿಯುವವರೆಗೆ ಬಾಯಿ ಬಿಡಬೇಡಿ.

ಇನ್ನು 54. ಅದು ಒಂಬತ್ತಾರಲದಿಂದ ಬಂದು ಸೇರಿಕೊಂಡಿರುವ ಸಂಖ್ಯೆ. ತಪ್ಪು ಎನ್ನುವ ಬದಲು ಅವಳನ್ನು 49ರ ಮೇಲೆ ನಿಲ್ಲಿಸಿ ‘ಇಲ್ಲಿಂದ 54ಕ್ಕೆ ಏಳು ಆಗುತ್ತದೆಯೇ?’ ಎಂದು ಕೇಳಿ. ಆಮೇಲೆ, ಎಂಟು ಎಂದರೆ ಎರಡು ನಾಲ್ಕು ಆದ್ದರಿಂದ, ಏಳು ನಾಲ್ಕಲ 28ಕ್ಕೆ ಇನ್ನೊಂದು 28 ಕೂಡಿಸಲಿ. 56 ಬಂದ ಮೇಲೆ ಕಾಗದದ ಮೇಲೆ 5, 6, 7, 8 ಎಂದು ಸಾಲಾಗಿ ಬರೆದುಕೊಡಿ: 56 ಎಂದರೆ ಏಳೆಂಟಲ. ಈ ವಾರ ಅದೊಂದನ್ನೇ ಕೇಳಿ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ.