ಬೇಸಿಗೆ ಶಿಬಿರದ ಬಗ್ಗೆ ವೈನಿಯವರಿಗೆ ಉತ್ತರ

ವೈನಿ, ನಮಸ್ಕಾರ. ಮೂರನೆಯ ತರಗತಿ ಮುಗಿಸಿದ ಮಗನನ್ನು ಈ ಸೂಟಿಯಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿಸಬೇಕೋ ಅಬ್ಯಾಕಸ್ ಕ್ಲಾಸಿಗೆ ಹಾಕಬೇಕೋ ಎಂದು ನೀವು ನಿನ್ನೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಿರಿ. ಅದಕ್ಕೆ ಕಾಕಾ ಅವರು, ‘ನಾವೆಲ್ಲ ಅಜ್ಜನ ಊರಿಗೆ ಹೋಗಿ ಬೆಳೆದವರು, ರೊಕ್ಕ ಕೊಟ್ಟು ಆಡಲು ಕಳಿಸುವುದು ಯಾತಕ್ಕೆ’ ಎಂದು ಬರೆದಿದ್ದಾರೆ. ಟೈಪ್ ಮಾಡುತ್ತ ಕುಳಿತರೆ ಮುಗಿಯುವುದಿಲ್ಲವೆಂದು ಮಾತಿನಲ್ಲೇ ಹೇಳುತ್ತಿದ್ದೇನೆ, ಸಾವಕಾಶವಾಗಿ ಕೇಳಿರಿ.

ಕಾಕಾ ಅವರ ಮಾತಿನಲ್ಲಿ ಹುರುಳಿದೆ. ಅಜ್ಜನ ಮನೆ ನಮ್ಮನ್ನು ಬೆಳೆಸಿದ್ದು ಅಲ್ಲಿ ಕೂಡುತ್ತಿದ್ದ ಹುಡುಗರ ಹಿಂಡಿನಿಂದ. ಹದಿನಾಲ್ಕರ ಅಣ್ಣನಿಂದ ಹಿಡಿದು ಆರರ ತಂಗಿಯವರೆಗೆ ಎಲ್ಲರೂ ಒಂದೇ ಆಟದಲ್ಲಿರುತ್ತಿದ್ದರು. ದೊಡ್ಡವರಿಗೆ ಪುರಸೊತ್ತಿಲ್ಲದ್ದರಿಂದ ಜಗಳವನ್ನು ತಾವೇ ಬಗೆಹರಿಸಿಕೊಳ್ಳಬೇಕಾಗುತ್ತಿತ್ತು. ಈಗ ಮನೆಗೆ ಒಂದೋ ಎರಡೋ ಮಕ್ಕಳು. ಹಳ್ಳಿಗೆ ಕರೆದೊಯ್ದರೂ ನಿಮ್ಮ ಮಗನೊಬ್ಬನೇ ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಕೂಡುತ್ತಾನೆ. ಒಳ್ಳೆಯ ಶಿಬಿರ ಆ ಹಿಂಡನ್ನು ಮತ್ತೆ ಒದಗಿಸುತ್ತದೆ, ಅದೂ ತಂದೆತಾಯಿ ಕಣ್ಣೆದುರಿಗಿಲ್ಲದಾಗ. ನನ್ನ ದೃಷ್ಟಿಯಲ್ಲಿ ಉಳಿದ ಲಾಭಗಳೆಲ್ಲ ಇದರ ನಂತರದವು.

ಕಳೆದ ಬೇಸಿಗೆಯಲ್ಲಿ ನಮ್ಮ ಮಗಳು ಹೋಗುತ್ತಿದ್ದ ನಾಟಕದ ಶಿಬಿರದಲ್ಲಿ ಮಕ್ಕಳು ಮುಖವಾಡ ಮಾಡುವುದನ್ನು ನೋಡಿದೆ. ಹಳೆಯ ಪೇಪರಿನ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ, ಎಣ್ಣೆ ಸವರಿದ ಮಣ್ಣಿನ ಅಚ್ಚಿನ ಮೇಲೆ ಪದರ ಪದರವಾಗಿ ಹಚ್ಚಿ, ಪೂರ್ತಿ ಒಣಗುವವರೆಗೆ ಕಾಯಬೇಕು. ಅವಸರ ಮಾಡಿ ಬಿಡಿಸಿದ ಹುಡುಗನೊಬ್ಬನ ಹುಲಿಯ ಮೂಗು ಕುಸಿದುಬಿಟ್ಟಿತು. ಅವನನ್ನು ಯಾರೂ ಬೈಯಲಿಲ್ಲ, ಅಂಕ ಕಡಿಮೆ ಮಾಡುವ ಪ್ರಶ್ನೆಯಂತೂ ಇರಲಿಲ್ಲ. ಪಕ್ಕದ ಹುಡುಗಿ ತನ್ನ ಅಂಟಿನ ಬೋಗುಣಿಯನ್ನು ಅವನತ್ತ ಸರಿಸಿದಳು, ಅವನು ಮತ್ತೆ ಮೊದಲಿನಿಂದ ಹಚ್ಚತೊಡಗಿದ. ಬೆರಳಿನ ಹಿಡಿತ, ಕಾಯುವ ತಾಳ್ಮೆ, ಕೆಟ್ಟದ್ದನ್ನು ತಿದ್ದುವ ಧೈರ್ಯ, ಇವು ಕೂಡಿಯೇ ಬರುವಂಥ ಕೆಲಸ ಶಾಲೆಯ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಸಾಧ್ಯವಾಗುವುದು ಅಪರೂಪ.

ದೇಹದ ವಿಷಯವೂ ಇದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಗಲಿನಲ್ಲಿ ಹೊರಗಡೆ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆಯೂ ಕಡಿಮೆ. ನಮ್ಮ ಮನೆತನದಲ್ಲಿ ಕನ್ನಡಕ ಇಲ್ಲದವರು ಯಾರಿದ್ದಾರೆ, ನೀವೇ ಹೇಳಿರಿ. ಅಬ್ಯಾಕಸ್ ಕೆಟ್ಟದ್ದೇನಲ್ಲ, ಆದರೆ ವರ್ಷವಿಡೀ ಬೆಂಚಿನ ಮೇಲೆ ಕುಳಿತವನನ್ನು ಸೂಟಿಯಲ್ಲೂ ಕೂಡ್ರಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ಶಿಬಿರ ಎಂಬ ಬೋರ್ಡು ಕಂಡಲ್ಲೆಲ್ಲ ಹಣ ಕಟ್ಟಬೇಡಿರಿ. ವೇದಗಣಿತ, ಕೈಬರಹ, ಡಾನ್ಸು ಎಂದು ತಾಸಿಗೊಂದು ಬದಲಿಸಿ ಕೊನೆಗೆ ಸರ್ಟಿಫಿಕೇಟು ಕೊಡುವವು ಟ್ಯೂಷನ್ನಿನ ಇನ್ನೊಂದು ರೂಪ. ಧಾರವಾಡದ ನಾಟಕ ಸಂಸ್ಥೆ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳವೆಂಬ ಮಕ್ಕಳ ಶಿಬಿರ ನಡೆಸುತ್ತದೆ. ಮಕ್ಕಳಿಗಾಗಿ ಇರುವ ಸರ್ಕಾರಿ ಸಂಸ್ಥೆ ಬಾಲವಿಕಾಸ ಅಕಾಡೆಮಿಯ ಕಚೇರಿಯೂ ನಮ್ಮ ಧಾರವಾಡದಲ್ಲೇ ಇದೆ. ಮೊದಲು ಈ ಎರಡೂ ಕಡೆ ವಿಚಾರಿಸಿರಿ. ಎಲ್ಲಿಯೇ ಆಗಲಿ, ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರಿದ್ದಾರೆ, ಕುಡಿಯುವ ನೀರು ಮತ್ತು ಶೌಚಾಲಯ ಹೇಗಿವೆ, ಮಧ್ಯಾಹ್ನದ ಬಿಸಿಲಿಗೂ ಅಡ್ಡಮಳೆಗೂ ಮೇಲೆ ಸೂರಿದೆಯೇ ಎಂಬುದನ್ನು ಹೋಗಿ ಕಣ್ಣಾರೆ ನೋಡಿರಿ. ಈಜು ಕಲಿಸುತ್ತೇವೆ ಎಂದರೆ, ಮಕ್ಕಳು ನೀರಿಗಿಳಿದಾಗ ಅವರನ್ನೇ ನೋಡುತ್ತ ನಿಲ್ಲುವವರು ಯಾರೆಂದು ಕೇಳದೆ ಒಪ್ಪಬೇಡಿರಿ. ರಾತ್ರಿ ಉಳಿಯುವ ಶಿಬಿರ ಈ ವರ್ಷ ಬೇಡ; ಮುಂಜಾನೆ ಹೋಗಿ ಮಧ್ಯಾಹ್ನ ಬರುವುದೇ ಅವನ ವಯಸ್ಸಿಗೆ ಸಾಕು.

ಮೊದಲ ಕೆಲವು ದಿನ ಅವನು ಒಲ್ಲೆನೆಂದು ಹಟ ಹಿಡಿಯಬಹುದು. ಆಗ ಗೇಟಿನವರೆಗೆ ಬಿಟ್ಟು, ಎಷ್ಟು ಗಂಟೆಗೆ ಬರುತ್ತೀರೆಂದು ಹೇಳಿ, ಅದೇ ಹೊತ್ತಿಗೆ ತಪ್ಪದೆ ಹೋಗಿರಿ. ನಡುನಡುವೆ ಕಿಟಕಿಯಲ್ಲಿ ಇಣುಕಬೇಡಿರಿ. ಹಾಂ, ಇನ್ನೊಂದು, ಹಳೆಯ ಅಂಗಿ ಚೊಣ್ಣ ಹಾಕಿಯೇ ಕಳಿಸಿರಿ, ಬಣ್ಣದ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.